ಅರಿಶಿನ ಹತ್ತದ ಜಾಗ

ಅಲ್ಲಾಳಸಂದ್ರ
11 ಸೆಪ್ಟೆಂಬರ್ 2025, ಗುರುವಾರ

ಅಕ್ಕನಿಗೆ ವೇಣಿಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟೆ, ಕೈ ಓಡಲಿಲ್ಲ. ಈ ಮನೆಯಲ್ಲಿ ಒಬ್ಬಳಿಗೆ ಕ್ಷೇಮವಿಲ್ಲ, ಅವಳ ದೆಸೆಯಿಂದ ಉಳಿದವರಿಗೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಕೇಳುವಷ್ಟು ಜೋರಾಗಿ ಕೂಗಿದರೆ ಮಹಡಿಯ ಮೇಲಿನವರಿಗೂ ಕೇಳುತ್ತದೆ. ಅದಕ್ಕೇ ಈ ಕಾಗದ.

ಮಹಡಿಯ ಮೇಲಿನವರು ಎಂದರೆ ನನ್ನ ಮೈದುನ ನಿರಂಜನ, ಅವನ ಹೆಂಡತಿ ಹರಿಪ್ರಿಯಾ. ಸೋಮವಾರ ನನ್ನ ಈ ವಾರಗಿತ್ತಿಯ ಎಡಗಾಲಿನ ಅಂಗಾಲಿನಲ್ಲಿದ್ದ ಒಂದು ಮಚ್ಚೆಯನ್ನು ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಇಷ್ಟೇ ಇಷ್ಟು, ಹುರುಳಿಕಾಳಿನಷ್ಟು. ಮಚ್ಚೆಯ ಬಣ್ಣ ಸರಿಯಿಲ್ಲ, ಕ್ಯಾನ್ಸರ್ ಇರಬಹುದು ಎಂದು ಡಾಕ್ಟರಿಗೆ ಅನುಮಾನ. ತೆಗೆದ ತುಣುಕನ್ನು ಬಯಾಪ್ಸಿಗೆ ಕಳಿಸಿದ್ದಾರೆ. ವರದಿ ಬರುವುದಕ್ಕೆ ಹತ್ತು ಹನ್ನೆರಡು ದಿನವಂತೆ. ಅಲ್ಲಿಯವರೆಗೆ ಅವಳು ಕಾಲು ಊರುವಂತಿಲ್ಲ, ಗಾಯಕ್ಕೆ ನೀರು ತಾಗಿಸುವಂತಿಲ್ಲ.

ಈಗ ನನ್ನ ಸಂಗತಿ ಕೇಳು. ಆ ಮಚ್ಚೆಯನ್ನು ಮೊದಲು ಕಂಡವಳು ನಾನು. ಶ್ರಾವಣದ ಎರಡನೇ ಶುಕ್ರವಾರ ಐದು ಜನ ಮುತ್ತೈದೆಯರನ್ನು ಕರೆದಿದ್ದೆ. ಒಬ್ಬರು ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡು ಬರಲೇ ಇಲ್ಲ. ನಾಲ್ವರಿಗೆ ಮುಗಿಸುವ ಹಾಗಿಲ್ಲವಲ್ಲ. ಇವರು, "ಮನೇಲೇ ಹರಿಪ್ರಿಯಾ ಇಲ್ವೇನೇ, ಕೂರಿಸು" ಎಂದರು. ಮಣೆಯ ಮೇಲೆ ಕೂತ ಮೇಲೆ ಅವಳು ನನ್ನ ಕಿರಿಯಳಲ್ಲ, ಮಹಾಲಕ್ಷ್ಮಿ. ಶಾಸ್ತ್ರ ಗೊತ್ತು ನನಗೆ. ಆದರೂ ಈ ಮಂಡಿ ಇಟ್ಟುಕೊಂಡು ಬಗ್ಗಿ ಅವಳ ಕಾಲು ತೊಳೆಯುವಾಗ ನನಗೆ ಏನಾಯಿತು ಎಂದು ದೇವರಿಗೇ ಗೊತ್ತು. ಹಿಮ್ಮಡಿ ಎತ್ತಿ ಅರಿಶಿನ ಹಚ್ಚಿದೆ. ಅಂಗಾಲಿನಲ್ಲಿ ಒಂದು ಜಾಗಕ್ಕೆ ಮಾತ್ರ ಅರಿಶಿನ ಹತ್ತಲೇ ಇಲ್ಲ. ಕಪ್ಪಗೆ ಹಾಗೇ ಉಳಿಯಿತು. ಅಲ್ಲೇ, ಆಗಲೇ, ಅವಳ ಕಿವಿಗೆ ಬೀಳುವಂತೆ ಹೇಳಿದೆ.

ಈಗ ಮನೆಗೆ ಬಂದವರೆಲ್ಲ ಏನನ್ನುತ್ತಾರೆ ಗೊತ್ತೇ? "ಬಿಂದು ಕಣ್ಣಿಗೆ ಬಿತ್ತು, ಇವಳು ಬದುಕಿದಳು." ನನ್ನ ಮಗಳು ಬಿಂದುಶ್ರೀ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ತನ್ನ ಕಾಲೇಜಿನ ಡಾಕ್ಟರಿಗೆ ಕಳಿಸಿದಳಂತೆ. ಹೌದು, ಕಳಿಸಿದಳು. ಆದರೆ ಅದು ಶ್ರಾವಣ ಕಳೆದ ಎಷ್ಟೋ ದಿನಕ್ಕೆ. "ನಾನೇ ಮೊದಲು ನೋಡಿದ್ದು" ಎಂದು ಬಂದವರೆದುರು ನಾನು ಹೇಳಿದರೆ ಇವರು, "ಆಯ್ತು ಬಿಡೇ, ಯಾರು ನೋಡಿದ್ರೆ ಏನೀಗ" ಎನ್ನುತ್ತಾರೆ. ಹರಿಪ್ರಿಯಾ ಅಲ್ಲೇ ದಿಂಬಿಗೆ ಒರಗಿಕೊಂಡು ಕೂತಿದ್ದಳು. "ಹೌದು, ಅಕ್ಕ ಹೇಳಿದ್ರು" ಎನ್ನಲು ಎಷ್ಟು ಹೊತ್ತು? ತಲೆ ತಗ್ಗಿಸಿ ಬೆಡ್‌ಶೀಟಿನ ಅಂಚು ಸರಿಮಾಡಿಕೊಂಡಳು.

ಬಿಂದು ತನ್ನ ಹಾಸಿಗೆಯನ್ನೇ ಮೇಲಕ್ಕೆ ಹೊತ್ತುಕೊಂಡು ಹೋಗಿದ್ದಾಳೆ. ಚಿಕ್ಕಮ್ಮನಿಗೆ ಎಳನೀರು, ಚಿಕ್ಕಮ್ಮನಿಗೆ ದಾಳಿಂಬೆ ಬಿಡಿಸಿಕೊಡುವುದು, ಚಿಕ್ಕಮ್ಮನ ತಲೆ ಬಾಚುವುದು. ನನಗೆ ಮಂಡಿನೋವು ಹಿಡಿದು ಎಷ್ಟು ವರ್ಷವಾಯಿತು? ಫಿಸಿಯೋಥೆರಪಿ ಓದುವ ಮಗಳು ಒಂದು ದಿನ ನನ್ನ ಮಂಡಿ ಮುಟ್ಟಿ ನೋಡಿದ್ದಿಲ್ಲ. ಮಂಗಳವಾರ ಮಾವನವರ ಪಕ್ಷ. ವಡೆ, ಪಾಯಸ, ಎರಡು ಬಗೆ ಪಲ್ಯ, ಎಲ್ಲ ಮಡಿಯಲ್ಲಿ ನನ್ನೊಬ್ಬಳ ಮೇಲೆ.

ಅವಳಿಗೆ ಕೆಟ್ಟದಾಗಲಿ ಎಂದು ನಾನು ಹೇಳುತ್ತಿಲ್ಲ. ಕಂಡವಳ ಹೆಸರು ಹೇಳಲಿ, ಅಷ್ಟೇ.

ನಿನ್ನ
ವೇಣಿ

*

ಹಿರಿಯೂರು
16 ಸೆಪ್ಟೆಂಬರ್ 2025

ವೇಣಿಗೆ ರಾಧಾಮಣಿಯ ಆಶೀರ್ವಾದ.

ಕಾಗದ ಓದಿ ಸಂಕಟವಾಯಿತು. ಪಾಪ, ಆ ಹುಡುಗಿ ಹೇಗೆ ದಿನ ಕಳೆಯುತ್ತಿದ್ದಾಳೋ. ನನ್ನ ಕಿವಿ ಕೆಟ್ಟಾಗ ತುಮಕೂರಿನ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ ಒಂದು ವಾರ ಕಾಯಿಸಿದ್ದರು. ಆ ವಾರ ನಾನು ಅಡಿಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನಿನ್ನ ಭಾವನನ್ನೇ ಕೇಳಬೇಕು. ಈಗ ಅವರು ಏನೆಂದರೂ ನನಗೆ ಕೇಳದು, ಅದೊಂದು ನೆಮ್ಮದಿ.

ನೀನು ಕಂಡದ್ದು ಒಳ್ಳೆಯದೇ ಆಯಿತು. ಆದರೆ ಒಂದು ಮಾತು ಕೇಳುತ್ತೇನೆ. "ಅವಳ ಕಿವಿಗೆ ಬೀಳುವಂತೆ ಹೇಳಿದೆ" ಎಂದು ಬರೆದಿದ್ದೀಯ. ಏನೆಂದು ಹೇಳಿದೆ? ಆಡಿದ ಮಾತನ್ನು ಹಾಗೇ ಬರೆದು ಕಳಿಸು. ನಿನ್ನ ಬಾಯಿ ನಾನು ಕಾಣದ್ದಲ್ಲ.

ಕಾಲು ಊರಲಾಗದು ಎಂದು ಬರೆದಿದ್ದೀಯಲ್ಲ, ಕಾಲ ಕೆಳಗೆ ಇಟ್ಟುಕೊಳ್ಳಲು ಒಂದು ಸಣ್ಣ ದಿಂಬು ಹೊಲಿದಿದ್ದೇನೆ. ಜೊತೆಗೆ ಗೊಜ್ಜವಲಕ್ಕಿ ಪುಡಿ. ಪಾರ್ಸೆಲನ್ನು ಹರಿಪ್ರಿಯಾಳ ಹೆಸರಿಗೇ ಹಾಕಿದ್ದೇನೆ. ಮಲಗಿದವರಿಗೆ ತಮ್ಮ ಹೆಸರು ಕೂಗಿಕೊಂಡು ಅಂಚೆಯವನು ಬಂದರೆ ಒಂದು ಗೆಲುವು. ನಿನಗೂ ಹಗುರವಾದೀತು. ನೀನೊಬ್ಬಳೇ ಎಷ್ಟೆಂದು ನೋಡಿಕೊಳ್ಳುತ್ತೀಯ?

ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು.

ರಾಧಾಮಣಿ

*

ಅಲ್ಲಾಳಸಂದ್ರ
22 ಸೆಪ್ಟೆಂಬರ್ 2025, ಸೋಮವಾರ

ಅಕ್ಕಾ,

ನಿನ್ನ ಪಾರ್ಸೆಲ್ ಬಂದು ತಲುಪಿತು. ಯಾರಿಗೆ ತಲುಪಬೇಕೋ ಅವರಿಗೇ ತಲುಪಿತು. ಬಾಗಿಲಿಗೆ ಹೋಗಿ ಸಹಿ ಹಾಕಿ ತೆಗೆದುಕೊಂಡವಳು ನಾನು. ನಿನ್ನ ಕೈಬರಹ ನೋಡಿದ ಕೂಡಲೇ ನನಗೇ ಎಂದುಕೊಂಡು ಅಡಿಗೆಮನೆಗೆ ಒಯ್ದು ಕತ್ತರಿ ತೆಗೆದೆ. ಆಮೇಲೆ ಹೆಸರು ಓದಿದೆ. ನನಗೆ ಒಂದು ಹಾಳೆ ಕಾಗದ, ಕೊನೆಗೆ ಹರಳೆಣ್ಣೆ. ಅವಳಿಗೆ ಪಾರ್ಸೆಲ್.

ಮೇಲಕ್ಕೆ ಒಯ್ದು ಕೊಟ್ಟೆ. ಬಿಂದು ಬಿಚ್ಚಿದಳು. ಆ ದಿಂಬಿನ ಬಟ್ಟೆ ನೋಡಿದ ಕೂಡಲೇ ಗುರುತು ಹಿಡಿದೆ. ಅಕ್ಕಾ, ಅದು ಅಮ್ಮನ ಸೀರೆ. ತಿಳಿನೀಲಿ, ಸಣ್ಣ ಬಿಳಿಯ ಚುಕ್ಕೆ. ಅಮ್ಮ ಹೋದ ಮೇಲೆ ಅದನ್ನು ನಾನು ಕೇಳಿದ್ದೆ. ನೀನು "ಹಳೇದಾಗಿದೆ, ಹರಿದೇ ಹೋಗಿದೆ" ಎಂದಿದ್ದೆ. ಈಗ ಅದು ಅವಳ ಕಾಲ ಕೆಳಗಿದೆ. ನಮ್ಮಮ್ಮ ಅವಳ ಕಾಲ ಕೆಳಗೆ!

"ಎಷ್ಟು ಮೆತ್ತಗಿದೆ, ನಿಮ್ಮಕ್ಕ ಎಷ್ಟು ಒಳ್ಳೆಯವರು ಅಕ್ಕಾ" ಎಂದಳು ಹರಿಪ್ರಿಯಾ.

ಪಕ್ಕದ ಮನೆಯ ಮಂಜುಶ್ರೀ ನೋಡಲು ಬಂದಿದ್ದರು. "ಬಿಂದು, ನೀನು ಬಂಗಾರ ಕಣೇ. ನಿನ್ನಂಥ ಮಗಳು ನಮ್ಮನೇಲೂ ಇರಬಾರ್ದಿತ್ತಾ" ಎಂದರು. ಹರಿಪ್ರಿಯಾ, "ಹೌದು ಮಂಜುಶ್ರೀಯವರೇ, ನಂಗೆ ಮಕ್ಕಳಿಲ್ಲ ಅನ್ನೋದೇ ಮರ್ತ್‌ಹೋಗಿದೆ" ಎಂದು ಬಿಂದುವಿನ ಕೈ ಹಿಡಿದುಕೊಂಡಳು. ನಾನು ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಹೆತ್ತವಳು.

ಕೆಳಗೆ ಬಂದ ಮೇಲೆ ಬಿಂದುವನ್ನು ಕೇಳಿದೆ, "ನನ್ನ ಜೊತೆ ಒಂದ್ ದಿನ ಆದ್ರೂ ಹೀಗೆ ಕೂತಿದ್ದೀಯೇನೇ?"

"ನಿನ್ ಜೊತೆ ಕೂತ್ರೆ ನೀನು ಸುಮ್ನಿರಲ್ಲಮ್ಮ. ಕೂದ್ಲು ಬಿಚ್ಕೊಂಡ್ ಕೂತ್ಯಾ, ಉಗುರು ಯಾಕ್ ಬಿಟ್ಟಿದ್ದೀಯ ಅಂತ ಶುರು ಮಾಡ್ತೀಯ. ಪ್ಲೀಸ್, ಚಿಕ್ಕಮ್ಮಂಗೆ ಈಗ ಟೆನ್ಷನ್ ಕೊಡ್ಬೇಡ."

ನಾನು ಟೆನ್ಷನ್ ಕೊಡುವವಳು. ಆಗಲಿ.

ವರದಿ ಇನ್ನೂ ಬಂದಿಲ್ಲ. ಮೊದಲ ಸಲ ನೋಡಿದ್ದರಲ್ಲಿ ಸ್ಪಷ್ಟವಾಗಲಿಲ್ಲವಂತೆ, ಬೇರೆ ಬಣ್ಣ ಹಾಕಿ ಮತ್ತೊಮ್ಮೆ ನೋಡಬೇಕಂತೆ. ನಿರಂಜನ ದಿನಾ ಫೋನ್ ಮಾಡಿ ಕೇಳುತ್ತಾನೆ. ಮಾತು ಕಡಿಮೆಯಾಗಿದೆ ಅವನಿಗೆ. ಇವರು ರೇಡಿಯೋ ಹಾಕುವುದನ್ನೂ ಬಿಟ್ಟಿದ್ದಾರೆ. ಅಷ್ಟು ಸಣ್ಣ ಮಚ್ಚೆ, ಏನೂ ಇರಲಿಕ್ಕಿಲ್ಲ ಎನ್ನುತ್ತಾರೆ ಎಲ್ಲ. ಏನೂ ಇಲ್ಲವೆಂದಾದರೆ ಆಮೇಲೆ ಯಾರಾದರೂ ಕೇಳಿಯಾರು, ಸುಮ್ಮನೆ ಆ ಹುಡುಗಿಯ ಕಾಲು ಕೊಯ್ಯಿಸಿದಿರಲ್ಲ ಎಂದು. ಆಗ ಮಾತ್ರ ನನ್ನ ಹೆಸರು ನೆನಪಾಗುತ್ತದೆ, ನೋಡುತ್ತಿರು.

ನಾನು ಏನು ಹೇಳಿದೆ ಎಂದು ಕೇಳಿದ್ದೀಯ. ಹೇಳಬೇಕಾದ್ದನ್ನು ಹೇಳಿದೆ.

ಇವತ್ತು ನವರಾತ್ರಿಯ ನಂದಾದೀಪ ಹಚ್ಚಿದೆ. ನಾನು ಕಂಡದ್ದು ಸುಳ್ಳಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ ತಾಯಿ ಎಂದು ಬೇಡಿಕೊಂಡು ಹಚ್ಚಿದೆ.

ವೇಣಿ

*

ಹಿರಿಯೂರು
26 ಸೆಪ್ಟೆಂಬರ್ 2025

ವೇಣಿ,

ಅಮ್ಮನ ಸೀರೆ ಹರಿದೇ ಹೋಗಿತ್ತು. ಎರಡು ತುಂಡು ಗಟ್ಟಿಯಿದ್ದವು. ಗಾಯದ ಕಾಲಿಗೆ ಒತ್ತದಂಥ ಬಟ್ಟೆ ಮನೆಯಲ್ಲಿ ಅದೊಂದೇ ಇತ್ತು, ಅದಕ್ಕೆ ಕತ್ತರಿಸಿದೆ. ನಿನಗೆ ತಿಳಿಸಿ ಮಾಡಬೇಕಿತ್ತು.

ನಿನ್ನ ಕಾಗದದ ಕೊನೆಯ ಸಾಲನ್ನು ಕೆಳಗೆ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದ ಮೇಲೆ ನಿನಗೆ ಅದು ಮರೆತಿರುತ್ತದೆ.

"ನಾನು ಕಂಡದ್ದು ಸುಳ್ಳಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ ತಾಯಿ."

ದೇವಿ ಇದನ್ನು ನಡೆಸಿಕೊಟ್ಟರೆ ಹರಿಪ್ರಿಯಾಳ ವರದಿಯಲ್ಲಿ ಏನೆಂದು ಬರೆದಿರುತ್ತದೆ?

ಅಕ್ಕ

*

ಅಲ್ಲಾಳಸಂದ್ರ
30 ಸೆಪ್ಟೆಂಬರ್ 2025, ಮಂಗಳವಾರ

ಅಕ್ಕಾ,

ಬೆಳಿಗ್ಗೆ ಪೂಜೆಗೆ ಕೂರುವ ಹೊತ್ತಿಗೆ ನಿನ್ನ ಕಾಗದ ಬಂತು. ಓದಿ, ಮಡಿಯಲ್ಲಿದ್ದವಳು ಮತ್ತೊಮ್ಮೆ ಹೋಗಿ ತಣ್ಣೀರು ಸುರಿದುಕೊಂಡೆ.

ನಂದಾದೀಪ ಉರಿಯುತ್ತಲೇ ಇದೆ. ನಡುವೆ ಆರಿಸುವಂತಿಲ್ಲ, ಅಪಚಾರ. ಎಣ್ಣೆ ಹಾಕದಿದ್ದರೂ ಅಪಚಾರ. ನಾನು ಬೇಡಿದ್ದನ್ನು ಹೊತ್ತುಕೊಂಡು ಅದು ಉರಿಯುತ್ತಿದೆ, ನಾನೇ ಕೈಯಾರೆ ಎಣ್ಣೆ ಹಾಕುತ್ತಿದ್ದೇನೆ. ನಾನು ಅದನ್ನು ಬೇಡಲಿಲ್ಲ ಅಕ್ಕಾ. ಆಣೆಯಿಟ್ಟು ಹೇಳುತ್ತೇನೆ. ಆದರೆ ಬೇಡಿದ್ದಕ್ಕೆ ಬೇರೆ ಅರ್ಥವೂ ಇಲ್ಲ. ಕೂತು ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ.

ಮತ್ತೆ ಕೂತು, ನಾನು ಕಂಡದ್ದೇ ಸುಳ್ಳಾಗಲಿ ಎಂದು ಬೇಡಿಕೊಂಡೆ. ಅದು ಬರೀ ಮಚ್ಚೆಯಾಗಿರಲಿ, ಊರೆಲ್ಲ ನನ್ನನ್ನು ನೋಡಿ ನಗಲಿ ಎಂದೆ. ಹೀಗೆ ಬೇಡಿಕೊಂಡು ಕಣ್ಣು ಒರೆಸಿಕೊಂಡು ಎದ್ದೆ. ಅಷ್ಟರಲ್ಲಿ ಮೇಲಿನಿಂದ ಬಿಂದುವೂ ಅವಳೂ ಏನಕ್ಕೋ ಜೋರಾಗಿ ನಕ್ಕದ್ದು ಕೇಳಿಸಿತು. ಮತ್ತೆ ಹೊಟ್ಟೆಯೊಳಗೆ ಅದೇ ಉರಿ. ದೇವರ ಮನೆಯ ಹೊಸ್ತಿಲು ಕೂಡ ದಾಟಿರಲಿಲ್ಲ ನಾನು.

ಇಂಥವಳ ಬೇಡಿಕೆಗಳಲ್ಲಿ ತಾಯಿ ಯಾವುದನ್ನು ಕಿವಿಗೆ ಹಾಕಿಕೊಳ್ಳುತ್ತಾಳೆ? ಮೊದಲನೆಯದನ್ನೋ, ಎರಡನೆಯದನ್ನೋ?

ವರದಿ ಶನಿವಾರ ಎಂದಿದ್ದಾರೆ.

ವೇಣಿ

*

ಹಿರಿಯೂರು
3 ಅಕ್ಟೋಬರ್ 2025

ವೇಣಿ,

ಆಕೆ ಯಾವುದನ್ನು ಕೇಳಿಸಿಕೊಳ್ಳುತ್ತಾಳೆಂದು ನನಗೇನು ಗೊತ್ತು, ಕಿವುಡಿ ನಾನು. ದೇವರ ಮನೆ ಬಿಟ್ಟು ಮಹಡಿ ಹತ್ತು. ನಿನ್ನ ಮೂರು ಕಾಗದ ಬಂದಿವೆ, ಒಂದರಲ್ಲೂ ಅವಳ ಗಾಯ ಹೇಗಿದೆ ಎಂದು ಬರೆದಿಲ್ಲ ನೀನು. ನಾಲ್ಕನೆಯದರಲ್ಲಿ ಬರೆ.

ಅಕ್ಕ

*

ಅಲ್ಲಾಳಸಂದ್ರ
7 ಅಕ್ಟೋಬರ್ 2025, ಮಂಗಳವಾರ

ಅಕ್ಕನಿಗೆ,

ಬರೆಯುತ್ತೇನೆ. ಗಾಯ ಹಿಮ್ಮಡಿಯಿಂದ ಸ್ವಲ್ಪ ಮುಂದೆ ಇದೆ. ಹೊಲಿಗೆ ಬಿಚ್ಚಿದ್ದಾರೆ. ಅಂಚು ಕೆಂಪಗಿದೆ, ಕೀವಿಲ್ಲ. ನೋಡಿದ್ದೇನೆ.

ಶನಿವಾರ ವರದಿ ತರಲು ನಿರಂಜನ, ಬಿಂದು ಇಬ್ಬರೂ ಹೋದರು. ಇವರು ಬ್ಯಾಂಕಿಗೆ ಹೋಗುವುದಿದೆ ಎಂದು ಎದ್ದರು. ಬ್ಯಾಂಕೂ ಇಲ್ಲ ಏನೂ ಇಲ್ಲ, ಮನೆಯಲ್ಲಿ ಕೂರಲು ಧೈರ್ಯವಿಲ್ಲ ಅಷ್ಟೇ, ಕೆರೆಯ ಏರಿಯ ಮೇಲೆ ಸುತ್ತುತ್ತಿದ್ದರಂತೆ. ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಿನ್ನ ಕಾಗದ ಇನ್ನೂ ಬಂದಿರಲಿಲ್ಲ. ಆದರೂ ಹತ್ತಿದೆ. ಅವಳಿಗೆ ಹಾಲು ಬಿಸಿ ಮಾಡಿ ಒಯ್ದೆ, ಅವಳು ಮುಟ್ಟಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿತು.

ಫೋನ್ ಬಂದಾಗ ಅವಳು ಎತ್ತಲಿಲ್ಲ. "ಅಕ್ಕಾ, ನೀವೇ ತಗೊಳ್ಳಿ" ಎಂದಳು. ಬಿಂದು ಮಾತಾಡಿದಳು. "ಅಮ್ಮಾ, ಇಬ್ರೂ ಹೆದರ್‌ಬೇಡಿ. ಕ್ಯಾನ್ಸರೇ. ಆದ್ರೆ ಬರೀ ಮೇಲಿನ್ ಪದರದಲ್ಲಿದೆ, ಒಳಗ್ ಇಳಿದಿಲ್ಲ. ಸುತ್ತ ಇನ್ನೊಂಚೂರು ಅಗಲವಾಗಿ ತೆಗೀತಾರೆ, ಅಷ್ಟೇ. ಇಷ್ಟ್ ಬೇಗ ಬಂದಿದ್ದು ಅದೃಷ್ಟ ಅಂದ್ರು ಡಾಕ್ಟರು. ಇನ್ನೊಂದ್ ವರ್ಷ ಬಿಟ್ಟಿದ್ರೆ ಕಷ್ಟ ಆಗ್ತಿತ್ತಂತೆ."

ನಾನು ಗೆದ್ದೆ, ಅಕ್ಕಾ. ನಾನು ಕಂಡದ್ದು ಸುಳ್ಳಲ್ಲ. ಫೋನ್ ಇಟ್ಟು ಬಿಂದು ಹೇಳಿದ್ದನ್ನು ಹಾಗೇ ಹೇಳಿದೆ, ಒಂದು ಮಾತೂ ಬಿಡದೆ. ಅವಳು ಅಳುತ್ತಾಳೆಂದುಕೊಂಡೆ. ನಕ್ಕಳು.

"ಅಕ್ಕಾ, ಅವತ್ತು ಅರಿಶಿನ ಹಚ್ಚೋವಾಗ ನೀವು ಏನಂದ್ರಿ ನೆನಪಿದೆಯಾ?"

ನೆನಪಿಲ್ಲದೆ ಏನು? ನೀನೂ ಕೇಳಿದ್ದೆ. ಈಗ ಬರೆಯುತ್ತೇನೆ. "ಕಾಲೇಜಲ್ಲಿ ಪಾಠ ಹೇಳ್ಕೊಡ್ತೀಯ, ಅಂಗಾಲು ತಿಕ್ಕಿ ತೊಳ್ಯೋದು ಯಾರೂ ಹೇಳ್ಕೊಟ್ಟಿಲ್ವೇನೇ? ನೋಡು, ಕೊಳೆ ಹೆಂಗೆ ಕೂತಿದೆ." ಇದೇ ನಾನು ಅಂದದ್ದು. ಮಣೆಯ ಮೇಲೆ ಮಹಾಲಕ್ಷ್ಮಿ ಎಂದು ಕೂರಿಸಿಕೊಂಡು, ಕಾಲು ಕೈಯಲ್ಲಿ ಹಿಡಿದುಕೊಂಡು, ಕೊಳೆ ಎಂದೆ. ಮಚ್ಚೆ ಎಂದು ನನಗೇನು ಗೊತ್ತಿತ್ತು?

"ನಂಗೆ ಎಷ್ಟು ಅವಮಾನ ಆಯ್ತು ಅಂದ್ರೆ" ಎಂದಳು, "ಅವತ್ತಿಂದ ದಿನಾ ಸ್ನಾನದಲ್ಲಿ ಹಿಮ್ಮಡಿ ತಿಕ್ಕೋ ಕಲ್ಲು ತಗೊಂಡು ಉಜ್ಜಿದೆ. ಮುಂದಿನ ಶುಕ್ರವಾರ ನಿಮಗೆ ತೋರಿಸ್ಬೇಕು ಅಂತ. ಆ ಕಪ್ಪು ಹೋಗ್ಲಿಲ್ಲ. ಒಂದಿನ ರಕ್ತ ಬಂತು, ಆಮೇಲೆ ಒಣಗ್ಲೇ ಇಲ್ಲ. ಆಗ್ಲೇ ಬಿಂದುಗೆ ತೋರಿಸಿದ್ದು. ನೀವು ಹಾಗನ್ನದೇ ಇದ್ದಿದ್ರೆ ನನ್ನ ಅಂಗಾಲು ನಾನು ಯಾವತ್ತು ನೋಡ್ಕೋತಿದ್ದೆ?"

"ಮತ್ತೆ ಯಾರ ಹತ್ರಾನೂ ಹೇಳ್ಲಿಲ್ವಲ್ಲೇ. ನಾನು ನೋಡಿದೆ ಅಂದಾಗ್ಲೂ ತಲೆ ಬಗ್ಗಿಸ್ಕೊಂಡು ಕೂತಿದ್ದೆ."

"ಅಕ್ಕ ನೋಡಿದ್ರು ಅಂದ್ರೆ, ಏನಂದ್ರು ಅಂತ ಕೇಳ್ತಿದ್ರು. ಏನಂತ ಹೇಳ್ಲಿ? ಮುತ್ತೈದೆಗೆ ಹೀಗಂದ್ರು ಅಂತ ಭಾವಂಗೆ ಗೊತ್ತಾದ್ರೆ ನಿಮ್ಮನ್ನ ಸುಮ್ನೆ ಬಿಡ್ತಿದ್ರಾ? ಬಿಂದು ಬಿಡ್ತಿದ್ಲಾ?"

ಬೆಡ್‌ಶೀಟಿನ ಅಂಚು ಸರಿಮಾಡಿಕೊಂಡದ್ದು ಅದಕ್ಕೆ. ಇಷ್ಟು ದಿನ ನನ್ನ ಹೆಸರನ್ನು ನುಂಗಿಬಿಟ್ಟಳು ಎಂದು ನಾನು ಉರಿದು ಸಾಯುತ್ತಿದ್ದರೆ, ಅವಳು ನನ್ನ ಮಾತನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಇದಕ್ಕೂ ನನಗೆ ಹೊಟ್ಟೆಯುರಿಯಿತು ಎಂದರೆ ನಂಬುತ್ತೀಯಾ? ಅಷ್ಟು ದೊಡ್ಡ ಮನಸ್ಸೂ ಅವಳಿಗೇ ಇರಬೇಕೇ?

ಹಾಲು ಆರಿದೆ, ಬಿಸಿ ಮಾಡಿ ತರುತ್ತೇನೆ ಎಂದು ಎದ್ದೆ. "ಅಕ್ಕಾ, ನಿಂತ್ಕೊಳ್ಳಿ" ಎಂದು ಬಲಗಾಲನ್ನು ಹೊದಿಕೆಯಿಂದ ಹೊರಗೆ ಚಾಚಿದಳು. "ಇನ್ನೊಂದು ಕಾಲು, ಬೆರಳ ಸಂದಿ, ಉಗುರು, ಎಲ್ಲ ತಿಂಗಳಿಗೊಂದ್ಸಲ ನೋಡಿಸ್ಕೋಬೇಕು ಅಂತ ಡಾಕ್ಟರು ಮೊದ್ಲೇ ಹೇಳಿದ್ರು. ಬಿಂದು ನೋಡಿ ಏನಿಲ್ಲ ಅಂದ್ಲು. ಅವಳಿಗೆ ನಾನಂದ್ರೆ ಪ್ರಾಣ, ಇದ್ರೂ ಇಲ್ಲ ಅಂತಾಳೇನೋ ಅಂತ ಭಯ ನಂಗೆ. ನೀವು ನೋಡಿ. ನನ್ನಲ್ಲಿ ಐಬು ಹುಡುಕೋಕೆ ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತೆ?"

ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ. ಕಣ್ಣಲ್ಲಿ ನೀರಂತೂ ಇತ್ತು.

ಕೆಳಗೆ ಹೋಗಿ ಕನ್ನಡಕ ತಂದೆ, ಅರಿಶಿನದ ಬಟ್ಟಲನ್ನೂ ತಂದೆ. ಕಿಟಕಿಯ ಪರದೆ ಸರಿಸಿ ಬೆಳಕು ಬಿಟ್ಟುಕೊಂಡು ನೆಲದ ಮೇಲೆ ಕೂತೆ. ಒಂದೊಂದು ಬೆರಳನ್ನೂ ಬಿಡಿಸಿ ನೋಡಿದೆ. ಉಗುರಿನ ಬಣ್ಣ ಕೆರೆದು ನೋಡಿದೆ. ಕಾಲುಂಗುರ ಜರುಗಿಸಿ ಅದರ ಅಡಿ ನೋಡಿದೆ. ಒಂದೇ ಒಂದು ಚುಕ್ಕೆ ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳಲ್ಲಿ ಏನೂ ಸಿಗದಿರಲಿ ಎಂದು ಹುಡುಕಿದೆ. ಆಮೇಲೆ ಅರಿಶಿನ ಕಲಸಿ, ಮೇಲೆ ಕೆಳಗೆ, ಅಂಗಾಲು ಹಿಮ್ಮಡಿ ಬಿಡದೆ ಹಚ್ಚಿದೆ. ಎಲ್ಲ ಕಡೆಗೂ ಹತ್ತಿತು.

"ಏನೂ ಇಲ್ಲ" ಎಂದೆ.

"ನಿಜವಾಗ್ಲೂ?"

"ಇದ್ದಿದ್ರೆ ನಾನು ಬಿಡ್ತಿದ್ನೇನೇ?"

ಆಗ ಅತ್ತಳು. ಅಷ್ಟು ದಿನದ್ದೂ ಸೇರಿಸಿ ಅತ್ತಳು. ನಿರಂಜನ, ಬಿಂದು ಬಂದಾಗ ನಾನಿನ್ನೂ ಕಾಲು ಹಿಡಿದುಕೊಂಡೇ ಕೂತಿದ್ದೆ. ಬಿಂದು ನೋಡಿದವಳೇ, "ಅಮ್ಮಾ, ಡಾಕ್ಟರು ಅರಿಶಿನ ಹಚ್ಚಿ ಅಂತ ಎಲ್ಲೂ ಹೇಳಿಲ್ಲ" ಎಂದಳು. ಹರಿಪ್ರಿಯಾ, "ಸುಮ್ನಿರೇ, ನಾನೇ ಹಚ್ಚಿಸ್ಕೊಂಡೆ" ಎಂದಳು. ಅಷ್ಟೇ. ಯಾರು ಮೊದಲು ಕಂಡದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಂಟಲವರೆಗೆ ಬಂದಿತ್ತು, ಸುಳ್ಳೇಕೆ ಹೇಳಲಿ.

ಮುಂದಿನ ವಾರ ಎರಡನೇ ಸಲ ಕೊಯ್ಯುತ್ತಾರೆ. ಬಿಂದುವಿಗೆ ಪರೀಕ್ಷೆಯಿದೆ, ಆಸ್ಪತ್ರೆಗೆ ಜೊತೆಗೆ ನಾನು ಹೋಗುವುದೆಂದು ಆಗಿದೆ. ದೇವಿಗೆ ಹೇಳಿಕೊಂಡಿದ್ದೇನೆ, ಈ ಸಲ ನೇರವಾಗಿ, ಅವಳ ಹೆಸರು ಹಿಡಿದು.

ಒಂದು ಸಂಗತಿ ಮಾತ್ರ ನಿನಗೆ ಹೇಳದೆ ಇರಲಾರೆ. ಆ ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ ಅಕ್ಕಾ. ಬೆಣ್ಣೆ. ನನ್ನದು ನೋಡಿದರೆ ಕೆರೆ ಒಣಗಿದ ಹಾಗಿದೆ. ಇನ್ನು ಮೇಲೆ ತಿಂಗಳು ತಿಂಗಳೂ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡಬೇಕು ನಾನು.

ದಿಂಬಿಗೆ ಅರಿಶಿನದ ಕಲೆಯಾಯಿತು. ನೆನೆಸಿದ್ದೇನೆ, ಹೋಗುವ ಹಾಗೆ ಕಾಣುವುದಿಲ್ಲ. ಅಮ್ಮನ ಸೀರೆಯದು ಎರಡು ತುಂಡು ಗಟ್ಟಿಯಿದ್ದವು ಎಂದು ಬರೆದಿದ್ದೆ. ಎರಡನೆಯದನ್ನು ಯಾರಿಗೂ ಕೊಡಬೇಡ. ನನ್ನ ಮಂಡಿಗೆ ಒಂದು ಹೊಲಿದು ಕಳಿಸು.

ಪಾರ್ಸೆಲಿನ ಮೇಲೆ ನನ್ನ ಹೆಸರಿರಲಿ.

ವೇಣಿ